ಎಣ್ಣೆಯಣ್ಣನ ಕಟ್ಟೆ

ಆ ಬುಧವಾರ ಬೇರೆ ಬುಧವಾರಗಳ ಹಾಗೇ ಇತ್ತು. ಅದೇ ಅವಳ ಹೊಟ್ಟೆ ಉರಿಸುವುದು. ಒಂದು ಲೋಟ ಒಡೆಯಲಿಲ್ಲ, ಎಡಗಣ್ಣು ಅದುರಲಿಲ್ಲ, ಬೆಳಗಾಯಿತು ಅಷ್ಟೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಗೋಡೆಯುದ್ದಕ್ಕೂ ತಲೆ ಬಿಚ್ಚಿಟ್ಟ ಯಂತ್ರಗಳು, ನಡುವೆ ಅವನ ಮೇಜು, ಕಿಟಕಿ ಪಕ್ಕ ಅವಳ ಕುರ್ಚಿ. ಅವಳು ಬೀದಿಯ ದರ್ಜಿಗಳಿಗೆಲ್ಲ ಕೈಯಲ್ಲಿ ಕಾಜ, ಅಂದರೆ ಗುಂಡಿ ತೂರಿಸುವ ಸೀಳು, ಹೊಲಿದು ಗುಂಡಿ ಹಚ್ಚಿ ಕೊಡುತ್ತಿದ್ದಳು. ಬೀದಿಗೆಲ್ಲ ಅವಳು ಕಾಜದಕ್ಕ. ಅಂಗಿಯ ಕಾಜ ನೋಡಿ ಮನುಷ್ಯನ ಹಣೆಬರಹ ಹೇಳುತ್ತಾಳೆ ಎಂದು ಜನ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಹೇಳಬಲ್ಲೆ ಎಂದೇ ಅವಳ ನಂಬಿಕೆ.

ಅವನು ಎಂದಿನಂತೆ ಎಣ್ಣೆ ಡಬ್ಬಿಗೆ ಫೋನು ಒರಗಿಸಿಕೊಂಡು ಕೂತಿದ್ದ.

"ರೀ, ಟೀ ಆರ್ತಾ ಇದೆ."

"ಏಳು ಜನ ಬಾಗಿಲಲ್ಲಿ ನಿಂತಿದಾರೆ. ಒಳಗೆ ಬಿಟ್ಟು ಬಂದೆ."

ಬಾಗಿಲಲ್ಲಿ ನರಪಿಳ್ಳೆ ಇರಲಿಲ್ಲ. ಅವನು ಹೇಳಿದ್ದು ಫೋನಿನೊಳಗಿನ ಬಾಗಿಲು. ಒಂಬತ್ತು ವರ್ಷದ ಹಿಂದೆ ಅವನೇ ಶುರು ಮಾಡಿದ ಫೋರಂ ಅದು. ಹೆಸರು ಹೊಲಿಗೆಕಟ್ಟೆ. ಎಲ್ಲೆಲ್ಲಿಯವರೋ ದರ್ಜಿಗಳು, ಮೆಕ್ಯಾನಿಕ್‌ಗಳು, ಮನೆಯಲ್ಲೇ ಹೊಲಿಯುವ ಹೆಂಗಸರು, ಹನ್ನೊಂದು ಸಾವಿರ ಜನ. ನೂಲು ಹರಿಯುತ್ತೆ, ಸೂಜಿ ಮುರಿಯುತ್ತೆ, ಯಂತ್ರ ಕಟಕಟ ಅನ್ನುತ್ತೆ ಎಂದು ಬರೆಯುತ್ತಾರೆ, ಗೊತ್ತಿದ್ದವರು ಉತ್ತರ ಕೊಡುತ್ತಾರೆ. ಯಾರು ಏನು ಕೇಳಿದರೂ ಅವನ ಮೊದಲ ಉತ್ತರ ಒಂದೇ: ಮೊದಲು ಎಣ್ಣೆ ಹಾಕಿ. ಅದಕ್ಕೇ ಅಲ್ಲಿ ಅವನಿಗೆ ಎಣ್ಣೆಯಣ್ಣ ಎಂದು ಹೆಸರಾಯಿತು. ಹೊಸಬರು ಯಾರೋ ಕುಡುಕ ಎಂದುಕೊಂಡು ಅಂಜುತ್ತಿದ್ದರು.

ಹೊಸಬರ ಮಾತು ಅಡ್ಮಿನ್ ನೋಡಿ ಬಿಟ್ಟರೆ ಮಾತ್ರ ಒಳಗೆ ಹೋಗುತ್ತದೆ. ಅಡ್ಮಿನ್ ಇವನು. ದಿನಾ ಬೆಳಿಗ್ಗೆ ಬಾಗಿಲು ಕಾಯುವ ಕೆಲಸ, ಸಂಬಳವಿಲ್ಲ, ಸಾರಿಲ್ಲ.

"ನನ್ನ ಮಾತು ಯಾವಾಗ ಒಳಗೆ ಬಿಡ್ತೀರಾ?" ಅಂದಳು.

"ನಿಂದು ಬಾಗಿಲು ಒಡ್ಕೊಂಡೇ ಬರುತ್ತಲ್ಲ" ಎಂದು ಆರಿದ ಟೀ ಕುಡಿದ.

ಆಮೇಲೆ ಎರಡು ಯಂತ್ರ ಸರಿಮಾಡಿದ. ಅವಳು ಮೂವತ್ತಾರು ಕಾಜ ಮುಗಿಸಿದಳು. ಸಂಜೆ ಕೈ ತೊಳೆದುಕೊಂಡು, "ತಮ್ಮನ ಅಂಗಡಿಗೆ ಹೋಗಿ ಬರ್ತೀನಿ" ಎಂದ. ತಮ್ಮ ಎರಡು ಬೀದಿ ಆಚೆ ದರ್ಜಿ ಅಂಗಡಿ ಇಟ್ಟವನು.

"ಏನು ವಿಶೇಷ?"

"ಏನಿಲ್ಲ."

ಹೋಗಿ ಬಂದು ಊಟಕ್ಕೆ ಕೂತ. ತಟ್ಟೆಯಲ್ಲಿ ಅರ್ಧ ಬಿಟ್ಟ. ಎಡಗೈ ಮುಷ್ಟಿ ಕಟ್ಟುತ್ತ ಬಿಚ್ಚುತ್ತ ಕೂತಿದ್ದ. ಅವಳು ಏನಾಯ್ತು ಎಂದು ಕೇಳಿದಳು. ಏನಿಲ್ಲ ಅಂದ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ 'ಏನಿಲ್ಲ' ಎಂದರೆ ಏನೋ ಇದೆ ಎಂದೇ ಅರ್ಥ. ನಾಳೆ ಕೇಳೋಣ ಎಂದು ಬಿಟ್ಟಳು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಮೇಜಿನ ಮೇಲೆ ತಲೆಯಿಟ್ಟ. ಮಲಗಿದ ಎಂದುಕೊಂಡಳು. ಕೈಯಲ್ಲಿ ಸ್ಕ್ರೂ ಡ್ರೈವರ್ ಹಾಗೇ ಇತ್ತು. ಡಾಕ್ಟರು ಹೃದಯ ಅಂದರು. ಅವರಿಗೆ ಒಂದು ಪದ ಸಿಕ್ಕಿತು, ಬರೆದುಕೊಂಡು ಹೋದರು. ಅವಳಿಗೆ ಸಿಕ್ಕಿದ್ದು 'ಏನಿಲ್ಲ' ಒಂದೇ.

*

ಮೂರು ವಾರ ಫೋನು ಎಣ್ಣೆ ಡಬ್ಬಿಯ ಪಕ್ಕವೇ ಬಿದ್ದಿತ್ತು. ಚಾರ್ಜು ಮಾತ್ರ ಹಾಕುತ್ತಿದ್ದಳು.

ಒಂದು ಮಂಗಳವಾರ ಮೈದುನ ಬಂದ. ಜೊತೆಗೆ ಇನ್ನೊಬ್ಬ, ಯಂತ್ರದ ಬಿಡಿಭಾಗ ಮಾರುವ ವ್ಯಾಪಾರಿ. ಬಿಳಿ ಅಂಗಿ, ಸೆಂಟಿನ ವಾಸನೆ. ಅವಳು ಮುಖ ನೋಡುವ ಮೊದಲು ಅಂಗಿಯ ಕಾಜ ನೋಡಿದಳು. ದುಬಾರಿ ಬಟ್ಟೆ, ಕಾಜದ ಅಂಚೆಲ್ಲ ಎಳೆ ಬಿಟ್ಟಿದೆ. ಮೇಲೆ ಥಳಕು, ಒಳಗೆ ಹುಳುಕು.

"ಅಕ್ಕಾ, ಅಣ್ಣ ದೇವರಂಥ ಮನುಷ್ಯ" ಎಂದ ವ್ಯಾಪಾರಿ.

ಗಂಡ ಬದುಕಿದ್ದಾಗ ಇವನು ಒಂದು ದಿನ ಈ ಹೊಸ್ತಿಲು ತುಳಿದವನಲ್ಲ.

"ಫೋರಂ ಪಾಳು ಬಿದ್ದಿದೆ ಅಕ್ಕಾ. ಇನ್ನೂರು ಚಿಲ್ಲರೆ ಜನ ಹೊರಗೆ ಕಾಯ್ತಿದಾರೆ. ಒಳಗೆ ಸಂತೆ. ಒಬ್ಬ ಬೈತಾನೆ, ಇನ್ನೊಬ್ಬ ಉಗೀತಾನೆ. ಅಣ್ಣನ ಹೆಸರು ಕೆಡಬಾರ್ದು ನೋಡಿ. ನೀವು ಅಡ್ಮಿನ್ ನನಗೆ ಬಿಟ್ಟುಕೊಡಿ, ನಾನು ಹೊತ್ಕೋತೀನಿ ಭಾರ."

"ಭಾರ ಅಂತೀರಾ, ಮತ್ತೆ ಹೊರೋಕೆ ಓಡಿ ಬಂದಿದೀರಾ" ಅಂದಳು.

ಮೈದುನ ನಡುವೆ ಬಾಯಿ ಹಾಕಿದ. "ಅತ್ತಿಗೆ, ನೀವು ಓದಿದ್ದು ನಾಲ್ಕನೇ ಕ್ಲಾಸು. ಅದೆಲ್ಲ ನಿಮಗೆ ಬಗೆಹರಿಯಲ್ಲ. ಫೋನ್ ಲಾಕ್ ಹೇಗೆ ಬಿಚ್ಚೋದು ಅದನ್ನಾದ್ರೂ ಹೇಳಿ."

"ಗೊತ್ತಿಲ್ಲ" ಎಂದಳು.

ಸುಳ್ಳು. ಗಂಡ ಫೋನಿನ ಮೇಲೆ ಎಳೆಯುತ್ತಿದ್ದ ಗೆರೆ ಅವಳಿಗೆ ಗೊತ್ತು. ರೀಲಿನಿಂದ ಮೇಲೆ, ಅಲ್ಲಿಂದ ಕೆಳಗೆ, ಮತ್ತೆ ಮೇಲೆ, ಕೊನೆಗೆ ಸೂಜಿಗೆ. ಯಂತ್ರಕ್ಕೆ ನೂಲು ಪೋಣಿಸುವ ದಾರಿಯೇ ಅದು. ಕಣ್ಣು ಮುಚ್ಚಿ ಎಳೆಯಬಲ್ಲಳು.

"ಭಾನುವಾರ ಬರ್ತೀವಿ ಅಕ್ಕಾ. ಲಾಕ್ ಬಿಚ್ಚೋನನ್ನ ನಾನೇ ಕರ್ಕೊಂಡು ಬರ್ತೀನಿ" ಎಂದ ವ್ಯಾಪಾರಿ. ಹೋಗುವಾಗ ಮೈದುನ ಅಣ್ಣನ ಮೇಜಿನ ಕಡೆ ತಿರುಗಿ ನೋಡಲಿಲ್ಲ. ಸಾವಿನ ದಿನ ಗಳಗಳ ಅತ್ತವನು. ಅವಳು ಅದನ್ನೂ ಗಮನಿಸಿದಳು.

ಬುಧವಾರ ಸಂಜೆ ಅಣ್ಣತಮ್ಮಂದಿರ ನಡುವೆ ಏನು ನಡೆಯಿತು? ಮೂರು ವಾರದಿಂದ ಅವಳು ಅದನ್ನೇ ಕೇಳಿಕೊಳ್ಳುತ್ತಿದ್ದಳು. ಈಗ ಅದರ ಜೊತೆ ಇನ್ನೊಂದು ಸೇರಿತು. ಭಾನುವಾರದೊಳಗೆ ತೀರ್ಮಾನ ಆಗಬೇಕು. ಕೊಟ್ಟರೆ ಅವನ ಒಂಬತ್ತು ವರ್ಷ ಆ ಎಳೆ ಬಿಟ್ಟ ಅಂಗಿಯವನ ಪಾಲು.

ಅವರು ಬೀದಿ ತಿರುಗಿದ ಮೇಲೆ ಬಾಗಿಲು ಹಾಕಿ ಫೋನು ತೆಗೆದಳು. ನೂಲು ಪೋಣಿಸಿದಳು. ತೆರೆಯಿತು.

*

ಓದು ಅವಳಿಗೆ ಬಟ್ಟೆಯಲ್ಲಿ ಬಿದ್ದ ಸೂಜಿ ಹುಡುಕಿದ ಹಾಗೆ. ಬೆರಳಿಟ್ಟು ಒಂದೊಂದೇ ಅಕ್ಷರ ಮುಟ್ಟಿ ಹೋಗಬೇಕು. ವ್ಯಾಪಾರಿ ಹೇಳಿದ್ದು ಒಂದು ಮಾತ್ರ ನಿಜ, ಒಳಗೆ ಸಂತೆಯೇ. ನೂಲು ಹರಿಯುತ್ತೆ ಎಂದು ಒಂದೇ ವಾರದಲ್ಲಿ ನಲವತ್ತು ಜನ ಕೇಳಿದ್ದರು. ನಲವತ್ತು ಸಲವೂ ಯಾರೋ ಅದೇ ಉತ್ತರ ಬರೆದಿದ್ದರು. ನಡುವೆ ಒಬ್ಬ ಹಳೆ ಯಂತ್ರ ಮಾರುತ್ತಾನೆ, ಒಬ್ಬ ಅಳಿಯನನ್ನು ಬೈಯುತ್ತಾನೆ. ಬೇರೆ ಬೇರೆ ಗುಂಡಿಗಳನ್ನೆಲ್ಲ ಒಂದೇ ಚೀಲಕ್ಕೆ ಸುರಿದ ಹಾಗೆ. ಒಂಬತ್ತು ವರ್ಷ ಈ ಮನುಷ್ಯ ಇದರೊಳಗೆ ಹೇಗೆ ಕೈಯಾಡಿಸಿದನೋ ಅನ್ನಿಸಿತು. ಮನೆಯಲ್ಲಿ ಅವನ ಸ್ಕ್ರೂ ಡಬ್ಬಿಯೂ ಹೀಗೇ ಇತ್ತು.

ಎಲ್ಲಕ್ಕಿಂತ ಕೆಳಗೆ ಬೀಗದ ಗುರುತು ಹಾಕಿದ ಒಂದು ಜಾಗ ಕಂಡಿತು. ಹೆಸರು, ಹಳೇ ಸ್ಕ್ರೂ ಡಬ್ಬಿ. ಅದನ್ನು ನೋಡಬಲ್ಲವರು ಇಬ್ಬರೇ ಎಂದು ಮೇಲೆ ಬರೆದಿತ್ತು. ಎಣ್ಣೆಯಣ್ಣ. ಬಾಬಿನ್.

ಬಾಬಿನ್ ಎಂದರೆ ಯಂತ್ರದ ಅಡಿನೂಲು ಸುತ್ತುವ ಪುಟ್ಟ ಗಾಲಿ. ಆದರೆ ಇದು ಮನುಷ್ಯರ ಹೆಸರು. ಮುಖದ ಜಾಗದಲ್ಲಿ ಕೆಂಪು ನೂಲು ಸುತ್ತಿದ ಬಾಬಿನ್ ಫೋಟೋ. ಅದರ ಕೊನೆಯ ಮಾತು ಇದು, ಆ ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬಂದದ್ದು:

"ಅಣ್ಣ, ನಿನ್ನೆ ಮಾತಾಡಿದ್ರಾ? ಮನೇಲಿ ಗೊತ್ತಾಯ್ತಾ?"

ಹತ್ತೂ ಇಪ್ಪತ್ತಕ್ಕೆ ಅವನ ತಲೆ ಮೇಜಿನ ಮೇಲಿತ್ತು.

ಮನೇಲಿ ಗೊತ್ತಾಯ್ತಾ. ಅವಳು ನಾಲ್ಕು ಸಲ ಓದಿದಳು. ಮನೆ ಎಂದರೆ ಇವಳೇ. ಇವಳಿಗೆ ಗೊತ್ತಾಗಬಾರದ್ದು ಏನಿತ್ತು? ಕೆಂಪು ನೂಲು ಬೇರೆ. ಗಂಡಸಾದರೆ ಅಂಥ ಫೋಟೋ ಇಡುತ್ತಾನಾ? ದಿನಾ ಬೆಳಿಗ್ಗೆ ಫೋನು ನೋಡಿ ಅವನು ಮೀಸೆಯಡಿ ನಗುತ್ತಿದ್ದದ್ದು ನೆನಪಾಯಿತು. ಅದನ್ನು ನೋಡಿ ಇವಳೂ ನಕ್ಕಿದ್ದಳಲ್ಲ, ಪೆದ್ದಿ. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ.

ಬುಧವಾರ ಬೆಳಿಗ್ಗೆ ಆ ಬಾಬಿನ್‌ಗೆ ಫೋನು ಹಚ್ಚಿದಳು. ನಂಬರು ಅವನ ಫೋನಿನಲ್ಲೇ ಇತ್ತು. ಆ ಕಡೆಯಿಂದ ಹೆಣ್ಣಿನ ದನಿ. ಹಿಂದೆ ನೂರಾರು ಯಂತ್ರಗಳ ಸದ್ದು.

"ಅಣ್ಣಾ!" ಎಂದಿತು ಆ ದನಿ. ಆಮೇಲೆ ತಟಕ್ಕನೆ ನಿಂತಿತು. ಸತ್ತವನ ಫೋನಿನಿಂದ ಕರೆ ಬಂದಿದೆ ಎಂದು ಹೊಳೆದಿರಬೇಕು.

"ನಾನು ಹೆಂಡತಿ" ಅಂದಳು. "ನೀನು ಯಾರು?"

"ಅಕ್ಕಾ, ನಾನು ಗಾರ್ಮೆಂಟ್ಸಲ್ಲಿ ಮೆಕ್ಯಾನಿಕ್. ಒಂದ್ನಿಮಿಷ, ಹೊರಗೆ ಬರ್ತೀನಿ." ಸದ್ದು ದೂರವಾಯಿತು. "ನಾನು ಇನ್ನೊಬ್ಬ ಅಡ್ಮಿನ್. ಅಣ್ಣ ಇಲ್ದೆ ನನ್ನ ಕೈಲಿ ಬಾಗಿಲು ತೆಗೆಯೋಕೆ ಆಗಲ್ಲ, ಅವರೇ ಹಾಗಿಟ್ಟಿದ್ರು."

"ಮದುವೆ ಆಗಿದೆಯಾ?"

"ಮೊಮ್ಮಗಳಿಗೇ ಆಗೋ ವಯಸ್ಸಾಯ್ತು ಅಕ್ಕಾ."

"ಮನೇಲಿ ಗೊತ್ತಾಯ್ತಾ ಅಂತ ಬರೆದಿದೀಯಲ್ಲ. ಏನು ಗೊತ್ತಾಗ್ಬೇಕಿತ್ತು ನನಗೆ?"

ಬಾಬಿನ್ ಹೇಳಿದ್ದು ಇಷ್ಟು. ಯಂತ್ರದ ಹುಕ್ಕು ಎಂದರೆ ಸೂಜಿಯ ಕೆಳಗೆ ನೂಲನ್ನು ಹಿಡಿದು ಸುತ್ತಿಸುವ ಭಾಗ. ನಿನ್ನೆ ಮನೆಗೆ ಬಂದಿದ್ದ ಆ ವ್ಯಾಪಾರಿ ಮಾರುವ ಹುಕ್ಕು ಎರಡು ವಾರಕ್ಕೆ ಮೊನೆ ಮುರಿದು ನೂಲು ಕತ್ತರಿಸುತ್ತಿತ್ತು. ಆದರೂ ಬೇರೆ ಬೇರೆ ಊರಿನವರೆಂದು ಹೇಳಿಕೊಂಡ ಐದು ಜನ ಹೊಲಿದ ಬಟ್ಟೆಯ ಫೋಟೋ ಸಮೇತ ಅದನ್ನು ಹಾಡಿ ಹೊಗಳಿ ಬರೆದರು. ನಂಬಿ ಕೊಂಡವರು ಕೆಟ್ಟರು. ಅಣ್ಣ ಆ ಐದನ್ನೂ ತೆಗೆದು ಬೀಗದ ಡಬ್ಬಿಗೆ ಹಾಕಿದ. 'ಐವರೂ ಒಬ್ಬನೇ, ಯಾರು ಅಂತ ನನಗೆ ಗೊತ್ತು, ನಾನೇ ಮಾತಾಡ್ತೀನಿ, ಮನೇಲಿ ಗೊತ್ತಾದ್ರೆ ಅವಳು ಸುಮ್ನೆ ಬಿಡಲ್ಲ' ಅಂದ. ಯಾರು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ.

"ಹೇಗೆ ಗೊತ್ತಾಯ್ತಂತೆ?"

"ಅದೂ ಹೇಳ್ಲಿಲ್ಲ. ನಾನು ಆ ಫೋಟೋಗಳನ್ನ ಹತ್ತು ಸಲ ನೋಡಿದೆ ಅಕ್ಕಾ. ನನಗೇನೂ ಕಾಣ್ಲಿಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಡಾಕ್ಟರ್ ಹತ್ರ ಹೋಗಿದ್ರಾ ಅವರು? ಎಡಗೈ ಜೋಮು ಹಿಡಿಯುತ್ತೆ ಅಂತಿದ್ರು. ಮನೇಲಿ ಹೇಳಿ ಅಂತ ಬಡ್ಕೊಂಡೆ. ಭಾನುವಾರ ಹೋಗ್ತೀನಿ ಅಂದ್ರು."

ಆ ಮುಷ್ಟಿ. ಕಟ್ಟುವುದು, ಬಿಚ್ಚುವುದು.

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ನಿಮ್ಮ ನಂಬರ್ ಇರ್ಲಿಲ್ಲ ಅಕ್ಕಾ."

ಫೋನು ಇಟ್ಟುಬಿಟ್ಟಳು. ಕೆಂಪು ನೂಲಿನ ಅನುಮಾನ ಹೋಯಿತು. ಮನಸ್ಸು ಮಾತ್ರ ಹಗುರವಾಗಲಿಲ್ಲ. ಬೇರೆ ಹೆಣ್ಣಿದ್ದಿದ್ದರೆ ಬೈಯಬಹುದಿತ್ತು. ಕೈ ಜೋಮು ಮುಚ್ಚಿಟ್ಟವನನ್ನು ಏನೆಂದು ಬೈಯುವುದು?

*

ಆಮೇಲೆ ಬೀಗದ ಡಬ್ಬಿಯಲ್ಲಿದ್ದ ಆ ಐವರ ಫೋಟೋ ತೆರೆದಳು.

ಕಟ್ಟೆಯಲ್ಲಿ ಅವನು ಮಾಡಿದ ಒಂದು ನಿಯಮವಿತ್ತು. ಯಾವುದೇ ಭಾಗ ಚೆನ್ನಾಗಿದೆ ಅನ್ನುವವರು ಅದರಲ್ಲಿ ಹೊಲಿದ ಚೂರು ಬಟ್ಟೆಯ ಫೋಟೋ ಹಾಕಬೇಕು, ಮೇಲ್ಮೈ ಒಂದು, ಒಳಮೈ ಒಂದು. ಬಾಯಿ ಸುಳ್ಳು ಹೇಳುತ್ತೆ, ಹೊಲಿಗೆ ಹೇಳಲ್ಲ ಅನ್ನುತ್ತಿದ್ದ. ಐವರೂ ಹಾಕಿದ್ದರು. ಐದು ಬಣ್ಣದ ಬಟ್ಟೆ. ಹೊಲಿಗೆ ನೆಟ್ಟಗಿತ್ತು, ಅಸಲಿ ಹುಕ್ಕಿನಲ್ಲಿ ಹೊಲಿದದ್ದೇ ಇರಬೇಕು. ಬಾಬಿನ್ ನೋಡಿದ್ದು ಹೊಲಿಗೆ. ಮೆಕ್ಯಾನಿಕ್ ಅಲ್ಲವೇ, ಹೊಲಿಗೆಯನ್ನೇ ನೋಡುತ್ತಾಳೆ.

ಕಾಜದಕ್ಕ ಅಂಚು ನೋಡಿದಳು. ಕಾಜ ಹೊಲಿಯುವವಳಿಗೆ ಮೊದಲು ಕಾಣುವುದೇ ಕತ್ತರಿಸಿದ ಅಂಚು.

ಐದೂ ಚೂರಿನ ಅಂಚು ಹಲ್ಲುಹಲ್ಲಾಗಿತ್ತು. ಎಳೆ ಬಿಚ್ಚಿಕೊಳ್ಳದಿರಲಿ ಎಂದು ದರ್ಜಿಗಳು ಹಲ್ಲಿನ ಕತ್ತರಿಯಲ್ಲಿ ಕತ್ತರಿಸುತ್ತಾರೆ, ಅದರಲ್ಲೇನೂ ಇಲ್ಲ. ಆದರೆ ಸಾಲಾಗಿ ಬಂದ ಮೊನೆಗಳ ನಡುವೆ ಒಂದು ಕಡೆ ಮೊನೆಯಿಲ್ಲ, ಬೋಳು. ಮತ್ತೆ ಮೊನೆಗಳು, ಮತ್ತೆ ಅಷ್ಟೇ ದೂರಕ್ಕೆ ಒಂದು ಬೋಳು. ಐದೂ ಬಟ್ಟೆಯಲ್ಲಿ ಅದೇ, ಒಂದು ಹಲ್ಲು ಮುರಿದ ಒಂದೇ ಕತ್ತರಿ.

ಆ ಹಲ್ಲು ಮುರಿದವಳು ಇವಳೇ. ಹನ್ನೆರಡು ವರ್ಷದ ಹಿಂದೆ ಬಟ್ಟೆಯಲ್ಲಿದ್ದ ಗುಂಡುಪಿನ್ನು ನೋಡದೆ ಕತ್ತರಿ ಒತ್ತಿದ್ದಳು. ಗಂಡ ಒಂದು ವಾರ ಗೇಲಿ ಮಾಡಿದ್ದ. ಹೊಸದು ತಂದ ಮೇಲೆ ಹಳೆಯದನ್ನು ಅಂಗಡಿ ಶುರು ಮಾಡುತ್ತಿದ್ದ ಮೈದುನನಿಗೆ ಕೊಟ್ಟಿದ್ದಳು. "ಬೋಳು ಬಾಯಿ ಕತ್ತರಿ ಕೊಟ್ರಾ ಅತ್ತಿಗೆ" ಎಂದು ಅವನು ನಕ್ಕಿದ್ದ.

ಅವಳಿಗೆ ಸಿಟ್ಟು ಬರಲಿಲ್ಲ ಮೊದಲು. ನಾಚಿಕೆ ಬಂತು. ಗಂಡನೂ ಹೀಗೇ ಈ ಮೇಜಿನಲ್ಲಿ ಕೂತು ಈ ಬೋಳು ನೋಡಿರಬೇಕು. ನೋಡಿ, ಗುರುತು ಹಿಡಿದು, ಟೀ ಆರಿಸಿಕೊಂಡು, ಇವಳಿಂದ ಮುಚ್ಚಿಟ್ಟು. ತಮ್ಮನ ಮರ್ಯಾದೆಗೆ ಒಂದು ಬೀಗ, ಎದೆಗೆ ಇನ್ನೊಂದು.

*

ಗುರುವಾರ ಮಧ್ಯಾಹ್ನ ಮೈದುನನ ಅಂಗಡಿಗೆ ಹೋದಳು. ಅವನು ಪ್ಯಾಂಟು ಕತ್ತರಿಸುತ್ತಿದ್ದ. ಗೋಡೆಗೆ ಹೊಸ ಬೋರ್ಡು ಒರಗಿಸಿತ್ತು, ವ್ಯಾಪಾರಿಯ ಏಜೆನ್ಸಿಯದು. ಬಣ್ಣ ಇನ್ನೂ ಹಸಿ.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಯೋಚನೆ ಮಾಡಿದ್ರಾ?"

"ಮಾಡ್ತಾ ಇದೀನಿ. ಆ ಹಲ್ಲಿನ ಕತ್ತರಿ ಕೊಡು, ಒಂದು ಚೂರು ಕತ್ತರಿಸ್ಕೋತೀನಿ."

ಅವನು ಡ್ರಾಯರಿನಿಂದ ತೆಗೆದು ಕೊಟ್ಟ. ಅವಳು ಬಿಳಿ ಚೂರನ್ನು ಉದ್ದಕ್ಕೆ ಕತ್ತರಿಸಿ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಫೋನಿಟ್ಟಳು. ಒಂದು ಫೋಟೋ. ಇನ್ನೊಂದು. ಇನ್ನೊಂದು.

ಮೂರನೆಯದಕ್ಕೆ ಮೈದುನ ಕೂತುಬಿಟ್ಟ.

"ಲಾಕ್ ಗೊತ್ತಿಲ್ಲ ಅಂದಿದ್ರಿ" ಎಂದ.

"ನೀನು ಐದು ಊರಲ್ಲಿದೀನಿ ಅಂದಿದ್ದೆ."

"ಅತ್ತಿಗೆ, ಎರಡು ವರ್ಷದಿಂದ ಅಂಗಡಿ ನೊಣ ಹೊಡೀತಾ ಇದೆ. 'ನಾಲ್ಕು ಮಾತು ಒಳ್ಳೇದು ಬರಿ, ಏಜೆನ್ಸಿ ನಿನಗೇ' ಅಂದ ಆ ವ್ಯಾಪಾರಿ. ಹುಕ್ಕು ಅಷ್ಟು ಕೆಟ್ಟದು ಅಂತ ನನಗೂ ಗೊತ್ತಿರ್ಲಿಲ್ಲ."

"ಗೊತ್ತಾದ ಮೇಲೆ?"

ಅವನು ಗೋಡೆಗೊರಗಿದ ಬೋರ್ಡಿನ ಕಡೆ ನೋಡಿದ.

"ಅದಿರ್ಲಿ. ಆ ಬುಧವಾರ ಅವರು ಇಲ್ಲಿಗೆ ಬಂದ್ರಲ್ಲ. ಏನು ಜಗಳ ಆಯ್ತು? ಏನಂದೆ ನೀನು? ಅದು ಹೇಳು."

"ಜಗಳ ಆಗ್ಲಿಲ್ಲ."

"ಸುಳ್ಳು ಬೇಡ."

"ಅಣ್ಣನಾಣೆ ಅತ್ತಿಗೆ. ಬಂದ, ಕೂತ. ಈ ಕತ್ತರಿ ಎತ್ಕೊಂಡು ನೋಡಿದ. ಒಂದು ಚೂರು ಕತ್ತರಿಸಿದ, ಈಗ ನೀವು ಕತ್ತರಿಸಿದ ಹಾಗೇ. ಬೆಳಕಿಗೆ ಹಿಡಿದು ನೋಡಿ 'ಹಲ್ಲು ಹೋಗಿದೆ, ಎಲ್ಲಾ ಕಡೆ ಗುರುತು ಬೀಳುತ್ತೆ, ಇದನ್ನ ಇಟ್ಕೋಬೇಡ' ಅಂದ. ನಾನು ಕತ್ತರಿಗೆ ಅಂದ ಅಂದ್ಕೊಂಡೆ. ಆಯ್ತು ಬಿಡಣ್ಣ ಅಂದೆ. ಟೀ ಕುಡಿದು ಹೋದ." ಅವನ ಬಾಯಿ ಸೊಟ್ಟಗಾಯಿತು. "ಅವನು ಹೋದ ಮೇಲೆ ಆ ಐದೂ ಕಾಣೆಯಾಗಿದ್ದು ನೋಡಿದೆ. ಆಗ ಹೊಳೀತು. ಬೆಳಿಗ್ಗೆ ಹೋಗಿ ಕಾಲು ಹಿಡೀಬೇಕು ಅಂದ್ಕೊಂಡೆ. ಬೆಳಿಗ್ಗೆ..."

ಅಳತೊಡಗಿದ. ಅವಳು ಅಳಲಿಲ್ಲ. ಕೇಳುತ್ತಿದ್ದಳು, ನೂಲಿನ ಬಿಗಿ ಬೆರಳಿನಲ್ಲಿ ನೋಡುವ ಹಾಗೆ. ಈ ಮಾತು ಗಂಡನದೇ ಹೌದು. ನೇರ ಬೈಯಲು ಬರದ ಮನುಷ್ಯ, ಇಡೀ ಜನ್ಮ ಯಂತ್ರದ ನೆಪದಲ್ಲಿ ಮಾತಾಡಿದವನು. ಆದರೆ ಮೈದುನ ಐದು ಹೆಸರಲ್ಲಿ ಸುಳ್ಳು ಬರೆದವನು, ಆರನೆಯದನ್ನು ಬಾಯಲ್ಲಿ ಹೇಳಲಾರನೆ? ಅರ್ಧ ನಂಬಿದಳು. ಉಳಿದರ್ಧ ಇವತ್ತಿಗೂ ಹಾಗೇ ಇದೆ.

"ಇದನ್ನ ಕಟ್ಟೇಲಿ ನಾನು ಬರೆಯಲ್ಲ" ಎಂದಳು. "ನೀನೇ ಬರಿ. ನಿನ್ನ ಹೆಸರಲ್ಲಿ. ಐದೂ ಚೂರಿನ ಫೋಟೋ, ಈ ಕತ್ತರಿ ಫೋಟೋ, ಎಲ್ಲಾ ಹಾಕು."

"ಅಣ್ಣ ಮುಚ್ಚಿಟ್ಟಿದ್ದನ್ನ ನೀವು ಬೀದಿಗೆ ಹಾಕ್ತೀರಾ?"

"ಅವರು ಮುಚ್ಚಿಟ್ಟಿದ್ದೆಲ್ಲ ಏನಾಯ್ತು ನೋಡ್ದೆಯಲ್ಲ" ಎಂದು ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

*

ಶನಿವಾರ ಮೈದುನ ಬರೆದ. ಆರೇ ಸಾಲು. ಅವಳು ಬೆರಳಿಟ್ಟು ಓದಿ ಒಳಗೆ ಬಿಟ್ಟಳು. ಅವಳು ತೆಗೆದ ಮೊದಲ ಬಾಗಿಲು ಅದು.

ಭಾನುವಾರ ವ್ಯಾಪಾರಿ ಬಂದ, ಲಾಕ್ ಬಿಚ್ಚುವವನ ಜೊತೆ. ಓದಿಕೊಂಡೇ ಬಂದಿದ್ದ. ಈ ಸಲ ಅಕ್ಕಾ ಅನ್ನಲಿಲ್ಲ.

"ನೋಡೀಮ್ಮ, ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ತಾ ಇದೀರಾ."

"ನಿಮ್ಮ ಹೆಸರು ಎಲ್ಲೂ ಬರೆದಿಲ್ವಲ್ಲ. ಹುಕ್ಕು ಅಂತ ಬರೆದಿದೆ. ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಾ?"

ಲಾಕ್ ಬಿಚ್ಚುವವನಿಗೆ ನಗು ತಡೆಯಲಾಗಲಿಲ್ಲ. ವ್ಯಾಪಾರಿ ಅವನ ಕಡೆ ಕಣ್ಣು ಕೆಂಪಗೆ ಮಾಡಿ ಹೊರಟ. ಅವಳು ಹಿಂದಿನಿಂದ ಕೂಗಿ ಹೇಳಿದಳು, "ಅಂಗಿ ಕಾಜ ಬಿಚ್ಚಿಕೊಂಡಿದೆ, ಯಾರ ಹತ್ರಾನಾದ್ರೂ ಹೊಲಿಸ್ಕೊಳ್ಳಿ."

ಆಮೇಲೆ ಸುಖವಾಯಿತು ಎಂದು ಯಾರೂ ತಿಳಿಯಬಾರದು. ಮೈದುನನ ಏಜೆನ್ಸಿ ಹೋಯಿತು. ಅವನ ಹೆಂಡತಿ ಇವಳ ಜೊತೆ ಮಾತು ಬಿಟ್ಟಳು. ಕಟ್ಟೆಯಲ್ಲಿ ಒಂದು ತಿಂಗಳು ರಂಪ. ಆರುನೂರು ಜನ ಬಿಟ್ಟುಹೋದರು. ಯಾರನ್ನು ನೋಡಿದರೂ ಇವನೂ ಐದು ಹೆಸರಿನವನೇ ಇರಬೇಕು ಅನ್ನಿಸತೊಡಗಿತು, ಎಲ್ಲರಿಗೂ. ಅವಳಿಗಂತೂ ಮೊದಲು.

ಬಾಬಿನ್ ಫೋನು ಮಾಡಿದಳು. "ಅಕ್ಕಾ, ಇದಕ್ಕೊಂದು ವ್ಯವಸ್ಥೆ ಬೇಕು. ಏನು ಮಾಡೋಣ?"

"ನನ್ನ ಗುಂಡಿ ಹೇಗೆ ಇಡ್ತೀನೋ ಹಾಗೆ ಇಡೋಣ" ಅಂದಳು.

ಅವಳ ಗುಂಡಿ ಡ್ರಾಯರಿನಲ್ಲಿ ಇಪ್ಪತ್ತೆರಡು ಡಬ್ಬಿ ಇವೆ. ಅಂಗಿಯದು ಅಂಗಿಗೆ, ಕೋಟಿನದು ಕೋಟಿಗೆ. ಅವಳು ಹೇಳಿದಂತೆ ಬಾಬಿನ್ ಮಾಡಿದಳು. ನೂಲು ಹರಿಯುವುದಕ್ಕೆ ಒಂದು ಡಬ್ಬಿ, ಸೂಜಿ ಮುರಿಯುವುದಕ್ಕೆ ಒಂದು, ಸದ್ದಿಗೆ ಒಂದು, ಎಣ್ಣೆ ಸೋರುವುದಕ್ಕೆ ಒಂದು. ಪ್ರತಿ ಡಬ್ಬಿಯ ಮೇಲೆ ಗಂಡ ಬರೆದಿದ್ದ ಒಳ್ಳೆಯ ಉತ್ತರ ಅಂಟಿಸಿದರು. ಮಾರುವವರಿಗೆ ಬೇರೆ ಡಬ್ಬಿ, ಅಲ್ಲಿ ಅಂಗಡಿ ಹೆಸರು ಹಾಕದೆ ಬಾಯಿ ತೆರೆಯುವ ಹಾಗಿಲ್ಲ. ಅಳಿಯನನ್ನು ಬೈಯುವವರಿಗೂ ಒಂದು ಡಬ್ಬಿ ಬೇಕು ಎಂದು ಬಾಬಿನ್ ನಕ್ಕಳು. ಅದನ್ನೂ ಇಟ್ಟರು. ಅದೇ ಈಗ ಎಲ್ಲಕ್ಕಿಂತ ತುಂಬಿರುವುದು.

ಬೀಗದ ಡಬ್ಬಿಯ ಬೀಗ ತೆಗೆಸಿದಳು. ತೆಗೆದು ಹಾಕಿದ ಮಾತು ಏನು, ಯಾಕೆ ತೆಗೆದದ್ದು, ಎಲ್ಲರೂ ನೋಡಬಹುದು. ಒಬ್ಬರೇ ಅಡ್ಮಿನ್ ಯಾರನ್ನೂ ಹೊರಗೆ ಹಾಕುವ ಹಾಗಿಲ್ಲ, ಎರಡು ಜೊತೆ ಕಣ್ಣು ನೋಡಬೇಕು. ಬಾಬಿನ್‌ಗೂ ಬಾಗಿಲು ತೆಗೆಯುವ ಅಧಿಕಾರ ಕೊಟ್ಟಳು, ಕೊಡುವ ಮೊದಲು ಎರಡು ದಿನ ಯೋಚಿಸಿದಳು. ಇವಳ ನಂಬರು ಬಾಬಿನ್ ಹತ್ತಿರ, ಬಾಬಿನ್ ಸೊಸೆಯ ನಂಬರು ಇವಳ ಹತ್ತಿರ. ಕೈ ಜೋಮು ಹಿಡಿದರೆ, ತಲೆ ತಿರುಗಿದರೆ, ಮನೆಗೆ ಹೇಳಬೇಕು. ಅದೂ ನಿಯಮ. ಬರೆದಿಲ್ಲ, ಅಷ್ಟೆ.

ಒಬ್ಬ ಬರೆದ: ಕಾಜ ಹೊಲಿಯೋ ಹೆಂಗಸು ನಮಗೆ ನ್ಯಾಯ ಹೇಳೋಕೆ ಬಂದಳಾ? ತಡೆಯಬಹುದಿತ್ತು. ಒಳಗೆ ಬಿಟ್ಟಳು. ಕೆಳಗೆ ಒಂದೇ ಬೆರಳಲ್ಲಿ ಹತ್ತು ನಿಮಿಷ ಕುಟ್ಟಿ ಉತ್ತರ ಬರೆದಳು: ಹೌದು. ನಿಮ್ಮ ಯಂತ್ರಕ್ಕೆ ಎಣ್ಣೆ ಹಾಕಿದ್ದೀರಾ?

ಅವನು ಹಾಕಿರಲಿಲ್ಲ. ಹಾಕಿದ ಮೇಲೆ ಬಂದು ಅತ್ತಿಗೆ ಎಂದ. ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ಎಣ್ಣೆಯಣ್ಣನ ಹೆಂಡತಿ ಅತ್ತಿಗೆಯಲ್ಲದೆ ಇನ್ನೇನು? ಹತ್ತು ಸಾವಿರ ಮೈದುನರು ನಾದಿನಿಯರು. ಒಬ್ಬ ಮೈದುನನಿಂದಲೇ ಸಾಕಾಗಿತ್ತು.

ಆ ಒಬ್ಬ ಈಗ ಬುಧವಾರ ಸಂಜೆ ಬರುತ್ತಾನೆ. ಅಣ್ಣನ ಮೇಜಿನಲ್ಲಿ ಉಳಿದ ಯಂತ್ರಗಳನ್ನು ನೋಡುತ್ತಾನೆ, ಒಂದೆರಡು ಸರಿಮಾಡುತ್ತಾನೆ. ಅವಳು ಟೀ ಕೊಡುತ್ತಾಳೆ. ಮುರಿದ ಹಲ್ಲಿನ ಕತ್ತರಿ ಗೋಡೆಯ ಮೊಳೆಗೆ ನೇತಾಡುತ್ತಿದೆ. ಅವನು ಹೋದ ಮೇಲೆ ಅವಳು ಕತ್ತರಿ ಅಲ್ಲೇ ಇದೆಯೇ ಎಂದು ನೋಡುತ್ತಾಳೆ.

ಬೆಳಿಗ್ಗೆ ಎದ್ದು ಅಂಗಡಿ ಬಾಗಿಲು ಅರ್ಧ ತೆಗೆಯುತ್ತಾಳೆ. ಗಂಡನ ಯಂತ್ರಕ್ಕೆ ಎರಡು ತೊಟ್ಟು ಎಣ್ಣೆ ಬಿಡುತ್ತಾಳೆ, ಯಾರೂ ಹೊಲಿಯದಿದ್ದರೂ. ಡಬ್ಬಿ ಕೆಳಗಿಟ್ಟು ಅದಕ್ಕೆ ಫೋನು ಒರಗಿಸುತ್ತಾಳೆ. ರೀಲಿನಿಂದ ಮೇಲೆ, ಕೆಳಗೆ, ಮತ್ತೆ ಮೇಲೆ, ಸೂಜಿಗೆ. ಐದೋ ಆರೋ ಜನ ಬಾಗಿಲಲ್ಲಿ ನಿಂತಿರುತ್ತಾರೆ. ಅವರು ಏನು ಬರೆದಿದ್ದಾರೆ ಎಂದು ಆಮೇಲೆ ಓದುತ್ತಾಳೆ. ಮೊದಲು ಫೋಟೋ ದೊಡ್ಡದು ಮಾಡಿ, ಬಟ್ಟೆಯ ಅಂಚನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಾಳೆ. ಸರಿಯಿದ್ದರೆ ಒಳಗೆ ಬಿಡುತ್ತಾಳೆ. ಅಷ್ಟರಲ್ಲಿ ಟೀ ಆರಿರುತ್ತದೆ.